ಆರ್.ಎಂ., ಬೆಂಗಳೂರು

ವೈಕುಂಠ ಸಮಾರಾಧನೆ ಮುಗಿದ ಮೂರನೆಯ ದಿನ ಸೋಮವಾರ. ವೇದವತಿ ಎಂದಿನ ಹಾಗೆ ಮೌಂಟನ್ ವ್ಯೂನಲ್ಲಿ ಏಳೂ ಹತ್ತರ ರೈಲು ಹತ್ತಿ ಸ್ಯಾನ್ ಫ್ರಾನ್ಸಿಸ್ಕೋಗೆ ಕೆಲಸಕ್ಕೆ ಹೋದಳು. ಮಗಳು ತನ್ವಿ, "ಅಮ್ಮ, ಯು ಡೋಂಟ್ ಹ್ಯಾವ್ ಟು. ಇನ್ನೊಂದು ತಿಂಗಳು ರಜ ಹಾಕು," ಅಂದಿದ್ದಳು. ರಜ ಹಾಕಿ ಮನೆಯಲ್ಲಿ ಮಾಡುವುದಾದರೂ ಏನು ಎಂದು ವೇದವತಿಗೆ ತೋಚಲಿಲ್ಲ. ಬಂದವರೆಲ್ಲ ಹೊರಟುಹೋಗಿದ್ದರು. ಫ್ರಿಜ್ಜಿನ ತುಂಬ ಯಾರು ಯಾರೋ ಮಾಡಿಕೊಟ್ಟ ಸಾರು, ಹುಳಿ, ಪಲ್ಯದ ಡಬ್ಬಿಗಳು. ಯಾವುದು ಯಾರದೆಂದು ತನ್ವಿ ಟೇಪು ಅಂಟಿಸಿ ಹೆಸರು ಬರೆದಿಟ್ಟಿದ್ದಳು.

ಅವಳ ಗಂಡ ಗುರುಪ್ರಸಾದ ಫೆಬ್ರವರಿಯ ಒಂದು ಸೋಮವಾರ ಬೆಳಗ್ಗೆ ಹಲ್ಲು ಕ್ಲೀನ್ ಮಾಡಿಸಲು ಹೋಗಿದ್ದವರು, ಡೆಂಟಿಸ್ಟ್ ಆಫೀಸಿನ ವೇಟಿಂಗ್ ರೂಮಿನಲ್ಲಿ ಕೂತಲ್ಲೇ ತೀರಿಕೊಂಡರು. ಐವತ್ತೊಂಬತ್ತು ವರ್ಷ. ಬಿಪಿ ಇರಲಿಲ್ಲ, ಶುಗರ್ ಇರಲಿಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಗಸು ಈ ಮನುಷ್ಯನಿಗೆ ನಿದ್ದೆ ಹತ್ತಿದೆ ಅಂದುಕೊಂಡಿದ್ದಳಂತೆ. ಆಸ್ಪತ್ರೆಯಲ್ಲಿ ಒಬ್ಬ ನರ್ಸು ಅವರ ವಾಚು, ಕನ್ನಡಕ, ಫೋನನ್ನು ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕೊಟ್ಟಳು. ವೇದವತಿ ಸಹಿ ಮಾಡಿದಳು, ಥ್ಯಾಂಕ್ ಯೂ ಅಂದಳು. ಪಾರ್ಕಿಂಗಿನಲ್ಲಿ ಕಾರು ಎಲ್ಲಿ ನಿಲ್ಲಿಸಿದ್ದು ಅಂತ ಸರಿಯಾಗಿ ನೆನಪಿತ್ತು. ಅಳು ಬರಲಿಲ್ಲ. ಆಘಾತಕ್ಕೆ ಹಾಗಾಗಿದೆ, ಮೂರು ದಿನ ಬಿಟ್ಟು ಬರುತ್ತದೆ ಎಂದರು ನೋಡಲು ಬಂದವರು. ಮೂರು ದಿನ ಆಯಿತು, ಹತ್ತು ದಿನ ಆಯಿತು, ಹದಿಮೂರೂ ಕಳೆಯಿತು.

ಇಪ್ಪತ್ತೊಂಬತ್ತು ವರ್ಷದ ಸಂಸಾರ. ಜಗಳವಾಡಿದವರಲ್ಲ, ತುಂಬ ಮಾತಾಡಿದವರೂ ಅಲ್ಲ. ಗುರುಪ್ರಸಾದ ಚಿಪ್ ಕಂಪನಿಯೊಂದರಲ್ಲಿ ಎಂಜಿನಿಯರು. ಬೇರೆಯವರು ಮಾಡಿದ ಡಿಸೈನಿನಲ್ಲಿ ತಪ್ಪು ಹುಡುಕುವುದು ಅವರ ಕೆಲಸ. ಮನೆಯಲ್ಲಿ ಮಾತ್ರ ಯಾವುದರಲ್ಲೂ ತಪ್ಪು ಹುಡುಕುತ್ತಿರಲಿಲ್ಲ. ಉಪ್ಪು ಮರೆತ ಸಾರನ್ನೂ ಹಾಗೆಯೇ ಉಂಡು ಏಳುತ್ತಿದ್ದರು. ದಿನಾ ಸಂಜೆ ಅವಳು ಮನೆಗೆ ಬಂದು ಚಪ್ಪಲಿ ಬಿಡುವಾಗ ಒಂದೇ ಪ್ರಶ್ನೆ: "ಇವತ್ತು ಎಷ್ಟು ಪುಟ?" ಅವಳು "ಎರಡು ಸಾವಿರದ ಇನ್ನೂರು," ಅನ್ನುವಳು. "ಪರವಾಗಿಲ್ವೇ," ಅನ್ನುವರು. ಅಷ್ಟಕ್ಕೆ ಆ ದಿನದ ಸಮಾಚಾರ ಮುಗಿಯುತ್ತಿತ್ತು.

ಪುಟಗಳ ಲೆಕ್ಕ ಯಾಕೆಂದರೆ ಅವಳ ಕೆಲಸವೇ ಅದು. ಸ್ಯಾನ್ ಫ್ರಾನ್ಸಿಸ್ಕೋದ ಒಂದು ಹಳೆಯ ಲೈಬ್ರರಿಯ ನೆಲಮಾಳಿಗೆಯಲ್ಲಿ ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡುವುದು. ಮೈಸೂರಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿ, ಮದುವೆಯಾಗಿ ಇಲ್ಲಿಗೆ ಬಂದು, ವೀಸಾದ ದೆಸೆಯಿಂದ ಒಂಬತ್ತು ವರ್ಷ ಮನೆಯಲ್ಲಿ ಕೂತು, ಕೊನೆಗೆ ಗ್ರೀನ್ ಕಾರ್ಡ್ ಬಂದ ಮೇಲೆ ಅವಳಿಗೆ ಸಿಕ್ಕ ಕೆಲಸ. ಸಿಕ್ಕಿದಾಗ ತಾತ್ಕಾಲಿಕ ಅಂದುಕೊಂಡಿದ್ದಳು. ಹದಿನಾರು ವರ್ಷ ಆಗಿತ್ತು.

ಪುಸ್ತಕವನ್ನು ಪೂರ್ತಿ ಅಗಲಿಸಿ ಮಲಗಿಸಿದರೆ ಬೆನ್ನು ಮುರಿಯುತ್ತದೆ. ಅದಕ್ಕೆ ಅರ್ಧ ತೆರೆದ ಪುಸ್ತಕ ಒರಗಿಕೊಳ್ಳುವಂಥ ಒಂದು ತೊಟ್ಟಿಲಿರುತ್ತದೆ. ಕಾಲಿನ ಪೆಡಲ್ ಒತ್ತಿದರೆ ಗಾಜು ಇಳಿದು ಪುಟಗಳನ್ನು ಅದುಮುತ್ತದೆ, ಮೇಲಿನ ಎರಡು ಕ್ಯಾಮೆರಾ ಕ್ಲಿಕ್ಕೆನ್ನುತ್ತವೆ, ಗಾಜು ಏಳುತ್ತದೆ, ಪುಟ ತಿರುಗಿಸಬೇಕು. ಕೈಗವಸು ಹಾಕುವ ಹಾಗಿಲ್ಲ. ಗವಸಿನ ಬೆರಳಿಗೆ ಕಾಗದದ ಅಂಚು ತಿಳಿಯದೆ ಹರಿದುಬಿಡುತ್ತದೆ. ಕೈ ತೊಳೆದು, ಒರೆಸಿ, ಬರಿಗೈಯಲ್ಲಿ ತಿರುಗಿಸಬೇಕು. ತಲೆ ಎಲ್ಲಿದ್ದರೂ ಕೈಕಾಲು ಅದರ ಪಾಡಿಗೆ ನಡೆಯುವ ಕೆಲಸ. ಆ ಸೋಮವಾರ ವೇದವತಿಗೆ ಬೇಕಾಗಿದ್ದುದೂ ಅಂಥದ್ದೇ.

ಮೇಲ್ವಿಚಾರಕಿ ಮಾರಿಸೋಲ್ ಬಂದು ತಬ್ಬಿಕೊಂಡಳು. "ಸುಲಭದ್ದು ಕೊಡಲಾ? ಭೂಪಟ, ಪೋಸ್ಟರು?"

"ಬೇಡ, ಪತ್ರಿಕೆಗಳನ್ನೇ ಕೊಡು," ಎಂದಳು ವೇದವತಿ. "ಅರ್ಧ ಆಗಿರುವುದು."

ಪತ್ರಿಕೆಗಳು ಅಂದರೆ ವಿಕ್ಟೋರಿಯಾ ರಾಣಿಯ ಕಾಲದ ಲಂಡನ್ ಪತ್ರಿಕೆಗಳು. ಕಥೆ, ಧಾರಾವಾಹಿ, ಪ್ರವಾಸ, ಪದ್ಯ, ಒಂದಿಷ್ಟು ವಿಜ್ಞಾನ, ಹೆಂಗಸರಿಗೆ ಕಸೂತಿ ಮಾದರಿ, ಎಲ್ಲ ಸೇರಿಸಿ ವಾರಕ್ಕೊಮ್ಮೆ, ತಿಂಗಳಿಗೊಮ್ಮೆ ಬರುತ್ತಿದ್ದವು. ಆರಾರು ತಿಂಗಳ ಸಂಚಿಕೆಗಳನ್ನು ಸೇರಿಸಿ, ಹೊದಿಕೆ, ಜಾಹೀರಾತುಗಳನ್ನು ಕಿತ್ತೆಸೆದು, ದಪ್ಪ ರಟ್ಟು ಹಾಕಿ ಹೊಲಿಸಿಡುತ್ತಿದ್ದರು. ಅಂಥ ನೂರಾರು ಸಂಪುಟಗಳನ್ನು ಯಾರೋ ಸಾಹುಕಾರರು ಎಂದೋ ಹಡಗಿನಲ್ಲಿ ತರಿಸಿಕೊಂಡು, ಕೊನೆಗೆ ಈ ಲೈಬ್ರರಿಗೆ ಕೊಟ್ಟಿದ್ದರು. ಆಗ ಅವಳ ತೊಟ್ಟಿಲಿನಲ್ಲಿದ್ದದ್ದು 'ಈವನಿಂಗ್ ಲೀಫ್' ಎಂಬ ವಾರಪತ್ರಿಕೆಯ ಸಂಪುಟ. ದೊಡ್ಡ ಹೆಸರಿನ ಪತ್ರಿಕೆಯೇನಲ್ಲ. ಹನ್ನೊಂದು ವರ್ಷ ನಡೆದು ನಿಂತುಹೋಗಿತ್ತು.

ಮಧ್ಯಾಹ್ನದ ಹೊತ್ತಿಗೆ ಒಂದು ಸಂಚಿಕೆಯ ಕೊನೆಯ ಪುಟಕ್ಕೆ ಬಂದಳು. 'ಓದುಗರಿಗೆ ಉತ್ತರಗಳು' ಎಂಬ ಅಂಕಣ. ಓದುಗರು ಏನು ಬೇಕಾದರೂ ಬರೆದು ಕೇಳುತ್ತಿದ್ದರು: ಮಸಿಯ ಕಲೆ ತೆಗೆಯುವುದು ಹೇಗೆ, ಸೋದರತ್ತೆಯ ಮಗನನ್ನು ಮದುವೆಯಾಗಬಹುದೇ, ನನ್ನ ಪದ್ಯ ಯಾಕೆ ಹಾಕಲಿಲ್ಲ. ಪ್ರಶ್ನೆಯನ್ನು ಅಚ್ಚು ಮಾಡುತ್ತಿರಲಿಲ್ಲ. ಕೇಳಿದವರ ಹೆಸರಿನ ಮೊದಲ ಅಕ್ಷರಗಳು, ಅದರ ಮುಂದೆ ಸಂಪಾದಕರ ಉತ್ತರ ಮಾತ್ರ. ಅವಳು ಈ ಅಂಕಣಗಳನ್ನು ಸಾವಿರ ಸಲ ದಾಟಿಬಂದವಳು. ಆದರೆ ಅವತ್ತು ಗಾಜು ಇಳಿದಾಗ ಒಂದು ಸಾಲು ಕಣ್ಣಿಗೆ ಬಿತ್ತು:

'ಆರ್.ಎಂ., ಬೆಂಗಳೂರು. ಉಷ್ಣದೇಶದಲ್ಲಿ ಶೋಕದ ದಪ್ಪ ಕರಿ ಕ್ರೇಪ್ ಬಟ್ಟೆಯನ್ನು ಆರು ತಿಂಗಳ ನಂತರ ಬಿಡಬಹುದು. ಅಲ್ಲಿನ ಸಮಾಜ ಇಲ್ಲಿಯಷ್ಟು ಕಟ್ಟುನಿಟ್ಟಾಗಿರಲಾರದು. ಎರಡು ವರ್ಷ ತುಂಬುವ ತನಕ ಒಡವೆ ಬೇಡ.'

ವೇದವತಿ ಪೆಡಲಿನ ಮೇಲಿಂದ ಕಾಲು ತೆಗೆದಳು. ಆರ್.ಎಂ. ಯಾರೋ ಇಂಗ್ಲಿಷ್ ಹೆಂಗಸು, ದಂಡಿನ ಕಡೆಯವಳಿರಬೇಕು. ಗಂಡ ಸತ್ತಿದ್ದಾನೆ. ಎಷ್ಟು ದಿನ ಕರಿ ಉಡಬೇಕೆಂದು ಕೇಳಿ ಲಂಡನ್ನಿಗೆ ಓಲೆ ಬರೆದಿದ್ದಾಳೆ. ಓಲೆ ಮುಟ್ಟಲು ಒಂದು ತಿಂಗಳ ಮೇಲಾಗಿ, ಅಚ್ಚಾಗಿ, ಉತ್ತರ ತಿರುಗಿ ಬರಲು ಮತ್ತಷ್ಟೇ. ಮೂರು ತಿಂಗಳಾದ ಮೇಲೆ ಸಿಗುವ ಉತ್ತರಕ್ಕೆ ಯಾರಾದರೂ ಕಾಯುತ್ತಾರೆಯೇ?

ಕಾದಿದ್ದಳು ಅನ್ನುವುದು ಮುಂದಿನ ದಿನಗಳಲ್ಲಿ ತಿಳಿಯಿತು. ವೇದವತಿ ಆ ಅಕ್ಷರಗಳಿಗಾಗಿ ಅಂಕಣದಲ್ಲಿ ಕಣ್ಣಾಡಿಸತೊಡಗಿದಳು. ಮುಗಿಸಿದ್ದ ಸಂಪುಟಗಳ ಚಿತ್ರಗಳು ಕಂಪ್ಯೂಟರಿನಲ್ಲಿದ್ದವು. ಊಟದ ಹೊತ್ತಿನಲ್ಲಿ ಅವನ್ನೂ ಹುಡುಕಿದಳು. ಎಲ್ಲಕ್ಕಿಂತ ಹಳೆಯದು, ಗಂಡ ಬದುಕಿದ್ದಾಗಿನದು: 'ಆರ್.ಎಂ., ಬೆಂಗಳೂರು. ಕಾಗದಕ್ಕೆ ಗೆದ್ದಲು ಹತ್ತದಿರಲು ಪೆಟ್ಟಿಗೆಯ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡಿ.' ಆಮೇಲೆ: 'ನಿಮ್ಮ ಕಥೆ ನಮಗೆ ಹೊಂದುವುದಿಲ್ಲ. ಹಾಳೆಯ ಒಂದೇ ಬದಿಯಲ್ಲಿ ಬರೆಯಬೇಕು. ಎರಡೂ ಬದಿ ಬರೆದರೆ ಅಚ್ಚಿನ ಮೊಳೆ ಜೋಡಿಸುವವರಿಗೆ ಕಷ್ಟವಾಗುತ್ತದೆ.' ಆಮೇಲೆ ಕರಿ ಬಟ್ಟೆಯದು. ಅದಾಗಿ ಐದು ತಿಂಗಳಿಗೆ ಇನ್ನೊಂದು:

'ಆರ್.ಎಂ., ಬೆಂಗಳೂರು. ನೀವು ಕೇಳಿರುವುದು ಈ ಅಂಕಣಕ್ಕೆ ಸೇರಿದ್ದಲ್ಲ. ಆದರೂ ಹೇಳುತ್ತೇವೆ, ದುಃಖವು ತಡವಾಗಿ ಬರುವುದುಂಟು. ಬೆಳಗ್ಗೆ ತಣ್ಣೀರು ಸ್ನಾನ, ಒಂದು ಗಂಟೆ ನಡಿಗೆ, ರಾತ್ರಿ ಲಘು ಆಹಾರ. ಈ ವಿಚಾರವನ್ನು ಸ್ನೇಹಿತರಲ್ಲಿ ಆಡದಿರುವುದು ಒಳ್ಳೆಯದು.'

ವೇದವತಿ ಅದನ್ನು ಎರಡು ಸಲ ಓದಿದಳು. ಪ್ರಶ್ನೆ ಏನಿತ್ತೆಂದು ಅವಳಿಗೆ ಗೊತ್ತಿತ್ತು. ಕೇಳಿದವಳ ಮೇಲೆ ಕನಿಕರ ಬರಬೇಕಿತ್ತು, ಉತ್ತರ ಕೊಟ್ಟವನ ಮೇಲೆ ಸಿಟ್ಟು ಬರಬೇಕಿತ್ತು. ಎರಡೂ ಬರಲಿಲ್ಲ. ಡಬ್ಬಿಯ ಮೊಸರನ್ನ ಮುಗಿಸಿ, ಕೈ ತೊಳೆದು, ಮತ್ತೆ ಪೆಡಲ್ ಒತ್ತಿದಳು.

ಏಪ್ರಿಲ್ ತಿಂಗಳ ಒಂದು ಭಾನುವಾರ ಸನಿವೇಲಿನಿಂದ ಗೆಳತಿ ಪದ್ಮಜಾ ಬಂದಳು. ಧಾರವಾಡದವಳು. ಊರಿನಿಂದ ಬಂದಿದ್ದ ಅತ್ತೆ ನೀಲವ್ವನನ್ನೂ ಕರೆದುಕೊಂಡು ಬಂದಿದ್ದಳು. ಪದ್ಮಜಾ ಅಡುಗೆಮನೆಯಲ್ಲಿ ರೊಟ್ಟಿ, ಎಣ್ಣೆಗಾಯಿ ಬಿಸಿಮಾಡುತ್ತಿದ್ದಾಗ ನೀಲವ್ವ ಸೋಫಾದ ತುದಿಯಲ್ಲಿ ಕೂತು, ವೇದವತಿಯ ಮುಖವನ್ನೇ ನೋಡುತ್ತ, ಇಷ್ಟು ದಿನದಲ್ಲಿ ಒಬ್ಬರೂ ಕೇಳದಿದ್ದದ್ದನ್ನು ಕೇಳಿದಳು.

"ಅತ್ತೇನ ನೀ?"

ವೇದವತಿ ತಲೆಯಾಡಿಸಿದಳು. "ಇಲ್ಲ ಅಮ್ಮ."

"ನಾನೂ ಅತ್ತಿದ್ದಿಲ್ಲ," ಎಂದಳು ನೀಲವ್ವ. "ನಮ್ಮ ಮನಿಯವರು ಹೋದಾಗ. ಮಂದಿ ನೋಡತಾರಂತ ಸೆರಗ ಬಾಯಿಗಿ ಹಿಡಕೊಂಡ ಕುಂತಿದ್ದೆ. ಒಳಗ ಏನೂ ಇದ್ದಿಲ್ಲ, ಖಾಲಿ ಕೊಡದಾಂಗ."

"ಆಮೇಲೆ ಬಂತಾ?"

ನೀಲವ್ವ ಅಡುಗೆಮನೆಯ ಕಡೆ ನೋಡಿದಳು. "ನೆನಪಿಲ್ಲವಾ. ಕೆಲಸ ಭಾಳ ಇತ್ತು." ಆಮೇಲೆ, "ಚಾ ಮಾಡತೀಯೇನ? ಸಕ್ಕರಿ ಕಡಿಮಿ ಹಾಕು," ಅಂದಳು.

ಆ ಮಾತಿನಿಂದ ಸಮಾಧಾನವಾಯಿತು ಎನ್ನಲಾಗದು. ಆದರೆ ಚಹಾ ಕುದಿಯುವಾಗ ವೇದವತಿಗೆ ಅನ್ನಿಸಿದ್ದು, ಇದನ್ನು ಬಾಯಿಬಿಟ್ಟು ಹೇಳಿದವರು ಈಗ ಇಬ್ಬರಾದರು. ಒಬ್ಬಳು ಸತ್ತು ನೂರು ವರ್ಷದ ಮೇಲಾಗಿದೆ, ಇನ್ನೊಬ್ಬಳು ಹೊರಗೆ ಸೋಫಾದ ಮೇಲೆ ಕೂತಿದ್ದಾಳೆ.

ಜೂನ್‌ನಲ್ಲಿ ಆರ್.ಎಂ. ಮತ್ತೆ ಸಿಕ್ಕಳು. 'ನಿಮ್ಮ ಲೇಖನ ತಲುಪಿದೆ. ಪರಿಶೀಲನೆಯಲ್ಲಿದೆ.' ಇಷ್ಟೇ. ಅದಾದ ಮೇಲೆ ಅಂಕಣದಲ್ಲಿ ಆ ಅಕ್ಷರಗಳು ಕಾಣಿಸಲೇ ಇಲ್ಲ. ಒಂಬತ್ತು ಸಂಚಿಕೆ ದಾಟಿದ ಮೇಲೆ, 'ಒಂದು ಮನೆಯ ವರ್ಷ' ಎಂಬ ಐದು ಪುಟದ ಬರಹ ಬಂತು. ಬರೆದವರ ಹೆಸರಿಲ್ಲ. ಆ ಕಾಲದ ಪತ್ರಿಕೆಗಳಲ್ಲಿ ಅದೇ ರೂಢಿ. ಬರಹ ಯಾರದಾದರೂ ಮಾತು ಪತ್ರಿಕೆಯದು, ಸಹಿ ಇರುತ್ತಿರಲಿಲ್ಲ. ಊರಿನ ಹೆಸರೂ ಇರಲಿಲ್ಲ. 'ನನ್ನ ಸ್ನೇಹಿತೆಯೊಬ್ಬಳು' ಎಂದು ಶುರುವಾಗಿ, ಗಂಡ ಸತ್ತ ಹೆಂಗಸೊಬ್ಬಳು ಒಂದು ವರ್ಷ ಮನೆಯಲ್ಲಿ ಏನೇನು ಮಾಡಿದಳೆಂದು ಸುಮ್ಮನೆ ಹೇಳಿಕೊಂಡು ಹೋಗುತ್ತದೆ. ಅವಳು ಗಡಿಯಾರಗಳಿಗೆ ಕೀಲಿ ಕೊಡುತ್ತಾಳೆ. ಬಂದವರಿಗೆ ಕೂರಲು ಹೇಳುತ್ತಾಳೆ. ಗಂಡನ ಕಾಗದಗಳ ಪೆಟ್ಟಿಗೆಯ ಕಾಲಿಗಿಟ್ಟ ಬಟ್ಟಲಲ್ಲಿ ನೀರು ಆರಿದ್ದನ್ನು ನೋಡಿಯೂ ತುಂಬಿಸುವುದಿಲ್ಲ. ಒಂದು ದಿನ ತೆರೆದರೆ ಒಳಗೆ ಬರೀ ಗೆದ್ದಲ ಮಣ್ಣು. ಆ ಮಣ್ಣನ್ನು ನೋಡಿ ಅವಳಿಗೆ ಏನೂ ಅನ್ನಿಸುವುದಿಲ್ಲ. ಏನೂ ಅನ್ನಿಸದ್ದಕ್ಕೆ ಭಯವಾಗುತ್ತದೆ. ಬೆಳಗ್ಗೆ ತಣ್ಣೀರು ಸ್ನಾನ ಮಾಡಿ ಒಂದು ಗಂಟೆ ನಡೆಯುತ್ತಾಳೆ. ಅದರಿಂದಲೂ ಏನೂ ಆಗುವುದಿಲ್ಲ.

ಓದಿ ಮುಗಿಸಿದ ವೇದವತಿ ಎದ್ದುಹೋಗಿ ನೀರು ಕುಡಿದು ಬಂದಳು. ಅನುಮಾನವೇ ಇರಲಿಲ್ಲ. ಇದು ಅವಳದೇ.

ಇಂಥ ಸಹಿಯಿಲ್ಲದ ಬರಹಗಳನ್ನು ಯಾರು ಬರೆದರೆಂದು ಪತ್ತೆಮಾಡಿ ಪಟ್ಟಿ ಮಾಡುವ ವಿದ್ವಾಂಸರಿದ್ದಾರೆ. 'ಈವನಿಂಗ್ ಲೀಫ್' ಪಟ್ಟಿ ನೋಡಿಕೊಳ್ಳುತ್ತಿದ್ದವರು ಒರೆಗನ್ ಕಡೆಯ ರೂತ್ ಅಬರ್ನಾಥಿ ಎಂಬ ನಿವೃತ್ತ ಪ್ರೊಫೆಸರು. ವೇದವತಿ ಪಟ್ಟಿ ತೆಗೆದು ನೋಡಿದಳು. 'ಒಂದು ಮನೆಯ ವರ್ಷ' ಎಂಬುದರ ಮುಂದೆ ಸಂಪಾದಕನ ಹೆಸರಿತ್ತು. ಅವನ ಮಗ ಬರೆದ ಜೀವನಚರಿತ್ರೆಯಲ್ಲಿ, ಅಪ್ಪನ ಅತ್ಯುತ್ತಮ ಬರಹ ಇದು ಎಂದು ಹೇಳಿದ್ದನಂತೆ.

ಹದಿನಾರು ವರ್ಷದಲ್ಲಿ ಅವಳು ಯಾವ ವಿದ್ವಾಂಸರಿಗೂ ಒಂದು ಸಾಲು ಬರೆದವಳಲ್ಲ. ಅವಳ ಬೆರಳು ಪುಟದ ಅಂಚಿನಲ್ಲಿ ಚಿತ್ರದೊಳಗೆ ಬಿದ್ದರೆ ಮಾತ್ರ ಅವರಿಗೆ ಇವಳು ಇರುವುದು ತಿಳಿಯುತ್ತಿತ್ತು, ಅದೂ ದೂರಿನ ರೂಪದಲ್ಲಿ. ಈಗ ಕೂತು ಒಂದು ಇಮೇಲ್ ಬರೆದಳು. ಐದು ಉತ್ತರಗಳನ್ನು ತಾರೀಖು ಸಮೇತ ಹಾಕಿ, ಗೆದ್ದಲು, ನೀರಿನ ಬಟ್ಟಲು, ತಣ್ಣೀರು ಸ್ನಾನ, ಎಲ್ಲವನ್ನೂ ಬರಹದ ಸಾಲುಗಳೊಂದಿಗೆ ಜೋಡಿಸಿ ತೋರಿಸಿದಳು.

ಎರಡು ವಾರಕ್ಕೆ ಉತ್ತರ ಬಂತು. ಮರ್ಯಾದೆಯ ಉತ್ತರ. 'ಕುತೂಹಲಕರವಾಗಿದೆ. ಆದರೆ ಆ ಓಲೆಗಳನ್ನು ಓದಿದವನೂ ಸಂಪಾದಕನೇ. ಅವುಗಳಿಂದ ವಿಷಯ ತೆಗೆದುಕೊಂಡು ಅವನೇ ಬರೆದಿರಬಹುದಲ್ಲವೇ? ಹೊರಗಿನ ಸಾಕ್ಷಿ ಏನಾದರೂ ಬೇಕು.'

ತನ್ವಿ ಆ ಶನಿವಾರ ಮನೆಗೆ ಬಂದಿದ್ದಳು. ಅವಳು ಸ್ಯಾನ್ ಫ್ರಾನ್ಸಿಸ್ಕೋದ ಆಸ್ಪತ್ರೆಯೊಂದರಲ್ಲಿ ಫಿಸಿಕಲ್ ಥೆರಪಿಸ್ಟು. ಅಪ್ಪ ಹೋದ ಮೇಲೆ ವಾರಕ್ಕೊಮ್ಮೆ ಬಂದು ಫ್ರಿಜ್ ತೆಗೆದು ನೋಡಿ, ಅಮ್ಮ ತಿಂದಿದ್ದಾಳೋ ಇಲ್ಲವೋ ಅಳೆದು ಹೋಗುತ್ತಿದ್ದಳು. ವೇದವತಿ ಇಮೇಲ್ ತೋರಿಸಿದಳು.

"ಶಿ ಹ್ಯಾಸ್ ಅ ಪಾಯಿಂಟ್, ಅಮ್ಮ."

"ಇಲ್ಲ ಕಣೆ. ಓಲೆ ಓದಿ ಬರೆದಿದ್ದರೆ ಅವನು ಅಳಿಸ್ತಿದ್ದ. ಕೊನೆಗೆ ಅವಳು ಬಿಕ್ಕಿ ಬಿಕ್ಕಿ ಅತ್ತಳು, ಮನಸ್ಸು ಹಗುರ ಆಯ್ತು ಅಂತ ಬರೀತಿದ್ದ. ಏನೂ ಅನ್ನಿಸಲಿಲ್ಲ ಅಂತ ಐದು ಪುಟ ಬರೆಯೋಕೆ ಅದು ಆದವರಿಗೇ ಸಾಧ್ಯ."

ತನ್ವಿ ಅಮ್ಮನನ್ನು ನೋಡಿದಳು. ಆಮೇಲೆ, "ಸೋ ವಾಟ್ ವಿಲ್ ಯು ಡು?" ಅಂದಳು.

ಏನು ಮಾಡಬೇಕೆಂದು ಸೋಮವಾರ ಹೊಳೆಯಿತು. ಆ ಸಂಪುಟದ ಹೊಲಿಗೆ ಬಲು ಬಿಗಿ. ಪುಟದ ಒಳ ಅಂಚು ಬೆನ್ನಿನ ಮಡಿಕೆಯೊಳಗೆ ಹೂತುಹೋಗಿ, ಕ್ಯಾಮೆರಾಗೆ ಅರ್ಧ ಬೆರಳಿನಷ್ಟು ಜಾಗ ಸಿಗುತ್ತಿರಲಿಲ್ಲ. ಅಕ್ಷರಗಳೆಲ್ಲ ಬಂದಿದ್ದರಿಂದ ಯಾರೂ ತಲೆಕೆಡಿಸಿಕೊಂಡಿರಲಿಲ್ಲ. ಆದರೆ ಪುಟ ತಿರುಗಿಸುವಾಗ ಒಂದೆರಡು ಕಡೆ ಆ ಮಡಿಕೆಯ ಆಳದಲ್ಲಿ ಬೂದು ಬಣ್ಣದ ಗೀಟು ಕಂಡಿದ್ದು ಅವಳಿಗೆ ನೆನಪಿತ್ತು. ಕೊಳೆ ಅಂದುಕೊಂಡಿದ್ದಳು. ಈಗ ಸಂಪುಟ ತೆಗೆದು, ಸಣ್ಣ ಟಾರ್ಚ್ ಹಿಡಿದು, ಎರಡು ಪುಟಗಳ ಸಂದಿಯಲ್ಲಿ ಇಣುಕಿದಳು. ಪೆನ್ಸಿಲು. ಯಾವುದೋ ಹೆಸರಿನ ಬಾಲ.

ಮಾರಿಸೋಲ್‌ಳನ್ನು ಕರೆದು ತೋರಿಸಿದಳು. "ಹೊಲಿಗೆ ಬಿಚ್ಚಿದರೆ ಓದಬಹುದು."

"ಬಿಚ್ಚೋದಾ?" ಮಾರಿಸೋಲ್ ಹುಬ್ಬೇರಿಸಿದಳು. "ವೇದಾ, ಅದಕ್ಕೆ ಕಾರಣ ಬರೆದುಕೊಡಬೇಕು, ಒಪ್ಪಿಗೆ ಬೇಕು. ಶುಕ್ರವಾರ ಈ ಪೂರ್ತಿ ಸಾಲು ಗೋಡೌನಿಗೆ ವಾಪಸ್ ಹೋಗುತ್ತೆ."

"ಬೆನ್ನು ಹೇಗೂ ಸೀಳಿದೆ. ರಿಪೇರಿಗೆ ಅಂತ ಬರೆದುಕೊಡ್ತೀನಿ. ಸುಳ್ಳೇನಲ್ಲ."

ಮಾರಿಸೋಲ್ ಅವಳನ್ನೇ ನೋಡಿದಳು. ನಾಲ್ಕು ತಿಂಗಳಲ್ಲಿ ವೇದವತಿ ಏನನ್ನಾದರೂ ಬೇಕು ಅಂದದ್ದು ಅದೇ ಮೊದಲು. "ಬರಿ," ಅಂದಳು.

ಒಪ್ಪಿಗೆ ಗುರುವಾರ ಬಂತು. ಪುಸ್ತಕ ರಿಪೇರಿ ಮಾಡುವಾತ ಮೇಲಿನ ಮಹಡಿಯಲ್ಲಿ ಕಿಟಕಿಯ ಪಕ್ಕ ಕೂತು, ಚಪ್ಪಟೆ ಚಾಕುವಿನಿಂದ ಹಳೆಯ ಗೋಂದನ್ನು ಕೆರೆದು, ದಾರಗಳನ್ನು ಒಂದೊಂದಾಗಿ ಕತ್ತರಿಸಿದ. ನೂರೈವತ್ತು ವರ್ಷ ಬಿಗಿದುಕೊಂಡಿದ್ದ ಹಾಳೆಗಳು ಮೇಜಿನ ಮೇಲೆ ಸಡಿಲಾಗಿ ಬಿದ್ದವು. ಪ್ರತಿ ಬರಹದ ಮೊದಲ ಪುಟದ ಒಳ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಒಂದೊಂದು ಹೆಸರು. ಅದು ಸಾಹುಕಾರರು ಅಂಗಡಿಯಲ್ಲಿ ಕೊಂಡ ಪ್ರತಿಯಲ್ಲ. ಪತ್ರಿಕೆಯ ಕಚೇರಿಯಲ್ಲಿದ್ದ ಪ್ರತಿ. ಯಾರದು ಯಾವುದೆಂದು ಗುರುತಿಗಾಗಿ ಅಲ್ಲಿನ ಗುಮಾಸ್ತ ಯಾರೋ ಬರೆದಿಟ್ಟದ್ದು. ಪತ್ರಿಕೆ ಮುಚ್ಚಿದಾಗ ಹಳೆಯ ಪುಸ್ತಕದವರ ಕೈಗೆ ಬಿದ್ದು, ಹೊಸದಾಗಿ ಬಿಗಿದು ಹೊಲಿಸಿಕೊಂಡು ಸಮುದ್ರ ದಾಟಿತ್ತು.

'ಒಂದು ಮನೆಯ ವರ್ಷ' ಇದ್ದ ಪುಟ ಅವಳೇ ಎತ್ತಿ ನೋಡಿದಳು. 'ಮಿಸೆಸ್ ಮಾಟ್ರಮ್, ಬೆಂಗಳೂರು.' ಅದರ ಕೆಳಗೆ ಇನ್ನೂ ಸಣ್ಣದಾಗಿ: 'ಕೊನೆಯ ಪ್ಯಾರಾ ತೆಗೆಯಲಾಗಿದೆ.'

"ಸಿಕ್ತಾ?" ಎಂದ ಆತ.

"ಸಿಕ್ತು," ಅಂದಳು ವೇದವತಿ.

ಹೆಸರು ಸಿಕ್ಕಿದ್ದಕ್ಕೆ ಖುಷಿಯಾಯಿತೇ ಅಂದರೆ, ಹಾಗೇನೂ ಆಗಲಿಲ್ಲ. ಲೆಕ್ಕ ಸರಿಹೋಯಿತು ಅನ್ನಿಸಿತು, ಅಷ್ಟೇ. ಆದರೆ ಕೆಳಗಿನ ಆ ಸಾಲು ಬೇರೆಯೇ ಆಗಿ ಕಾಡಿತು. ಮನೆಗೆ ಹೋಗುವ ರೈಲಿನಲ್ಲಿ ಕಿಟಕಿಗೆ ತಲೆ ಒರಗಿಸಿಕೊಂಡು ಅದನ್ನೇ ಯೋಚಿಸಿದಳು. ಆ ಪ್ಯಾರಾದಲ್ಲಿ ಏನಿತ್ತು? ಅಳು ಬಂತು ಎಂದು ಬರೆದಿದ್ದಳೇ, ಬರಲೇ ಇಲ್ಲ ಎಂದಿದ್ದಳೇ? ಸಂಪಾದಕನಿಗೆ ಹಿಡಿಸದ ಮಾತು ಯಾವುದು? ಇಲ್ಲ, ಬರೀ ಪುಟದಲ್ಲಿ ಜಾಗ ಸಾಲದೆ ಕತ್ತರಿಸಿದನೇ? ಸ್ಯಾನ್ ಮಟೇಯೊ ದಾಟಿದ್ದು, ರೆಡ್‌ವುಡ್ ಸಿಟಿ ದಾಟಿದ್ದು ಗೊತ್ತೇ ಆಗಲಿಲ್ಲ. ಇಳಿಯುವ ಸ್ಟೇಷನ್ನನ್ನೂ ದಾಟಿಸಿಕೊಂಡು ಮುಂದಿನದರಲ್ಲಿ ಇಳಿದಳು. ಫೆಬ್ರವರಿಯಿಂದ ಅವಳು ಒಂದು ಬಿಲ್ಲು ಮರೆತಿರಲಿಲ್ಲ, ಒಂದು ಅಪಾಯಿಂಟ್‌ಮೆಂಟು ತಪ್ಪಿಸಿರಲಿಲ್ಲ. ಮೊದಲ ಸಲ ದಾರಿ ತಪ್ಪಿ, ಸನಿವೇಲಿನ ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಸಂಜೆ ಬಿಸಿಲಲ್ಲಿ ಕೂತು ವಾಪಸ್ ಹೋಗುವ ರೈಲಿಗಾಗಿ ಕಾದಳು.

ಪ್ರೊಫೆಸರು ರೂತ್ ಈ ಸಲ ಇಮೇಲ್ ಮಾಡಲಿಲ್ಲ, ಫೋನನ್ನೇ ಮಾಡಿದರು. ಎಂಬತ್ತು ದಾಟಿದ ದನಿ. "ನಿಮಗೆ ಗೊತ್ತಾ ಏನು ಮಾಡಿದ್ದೀರಿ ಅಂತ? ನಲವತ್ತೇಳು ಬರಹಗಳಿಗೆ ಹೆಸರು ಸಿಕ್ಕಿದೆ. ಹನ್ನೊಂದು ಜನ ಹೆಂಗಸರು. ಅದರಲ್ಲಿ ಒಬ್ಬರ ಹೆಸರೂ ಎಲ್ಲೂ ಇರಲಿಲ್ಲ." ಸ್ವಲ್ಪ ತಡೆದು, "ನಿಮ್ಮ ಮಾಟ್ರಮ್ ವಿಷಯದಲ್ಲಿ ನಾನು ತಪ್ಪು. ನಲವತ್ತು ವರ್ಷ ಆ ಮಗನ ಮಾತು ನಂಬಿಕೊಂಡಿದ್ದೆ," ಅಂದರು.

"ಆ ಕೊನೆಯ ಪ್ಯಾರಾ ಎಲ್ಲಾದರೂ ಸಿಗಬಹುದಾ?" ಕೇಳಿದಳು ವೇದವತಿ.

"ಇಲ್ಲ, ಮೈ ಡಿಯರ್. ಅಚ್ಚಾದ ಮೇಲೆ ಹಸ್ತಪ್ರತಿಯನ್ನು ಒಲೆಗೆ ಹಾಕುತ್ತಿದ್ದರು."

ಅಕ್ಟೋಬರಿನಲ್ಲಿ ಪಟ್ಟಿ ತಿದ್ದುಪಡಿಯಾಯಿತು. ಲೈಬ್ರರಿಯವರು ಒಂದು ಸಣ್ಣ ಸಭೆ ಮಾಡಿ ಅವಳನ್ನು ಮಾತಾಡಲು ಕರೆದರು. ಮೂವತ್ತು ಜನ ಇದ್ದರು. ಎಲ್ಲ ಮುಗಿದ ಮೇಲೆ ಒಬ್ಬ ಯುವಕ ಕೈಯೆತ್ತಿ, ಸಾವಿರಾರು ಪುಟಗಳಲ್ಲಿ ಈ ಒಂದು ಸಾಲೇ ಯಾಕೆ ಕಣ್ಣಿಗೆ ಬಿತ್ತು ಎಂದು ಕೇಳಿದ. ವೇದವತಿ, "ಊರಿನ ಹೆಸರು ನಮ್ಮ ಕಡೆಯದು," ಎಂದು ಸುಮ್ಮನಾಗಬಹುದಿತ್ತು. ಹಾಗೆ ಹೇಳಲೆಂದೇ ಬಾಯಿ ತೆರೆದಳು. ಬಂದದ್ದು ಬೇರೆ: "ನನ್ನ ಗಂಡ ತೀರಿಕೊಂಡು ಹದಿನೈದು ದಿನ ಆಗಿತ್ತು. ನನಗೆ ಅಳು ಬಂದಿರಲಿಲ್ಲ. ಇನ್ನೂ ಬಂದಿಲ್ಲ." ಹಿಂದಿನ ಸಾಲಿನಲ್ಲಿ ಕೂತಿದ್ದ ತನ್ವಿ ತಲೆ ತಗ್ಗಿಸಿದಳು.

ಆ ಬಗ್ಗೆ ತಾಯಿ ಮಗಳು ಅವತ್ತೇನೂ ಮಾತಾಡಲಿಲ್ಲ. ಮಾತು ಬಂದದ್ದು ವರ್ಷಾಬ್ದಿಕದ ದಿನ. ಲಿವರ್‌ಮೋರ್ ದೇವಸ್ಥಾನದಲ್ಲಿ ಕಾರ್ಯ ಮುಗಿಸಿ ಕಾರಿಗೆ ಬಂದರು. ಗುಡ್ಡಗಳು ಮಳೆ ಬಿದ್ದು ಹಸಿರಾಗಿದ್ದವು. ತನ್ವಿ ಸ್ಟಿಯರಿಂಗ್ ಹಿಡಿದುಕೊಂಡು ಸ್ಟಾರ್ಟ್ ಮಾಡದೆ ಕೂತಳು.

"ಅಮ್ಮ, ಐ ಡಿಡಂಟ್ ಕ್ರೈ ಈದರ್," ಅಂದಳು.

ವೇದವತಿ ತಿರುಗಿ ನೋಡಿದಳು.

"ನೀನು ಸ್ಟ್ರಾಂಗ್ ಆಗಿ ಇದ್ದೀಯ ಅಂದುಕೊಂಡೆ. ನಾನು ಮಾತ್ರ... ದೇರ್ ಈಸ್ ಸಮ್‌ಥಿಂಗ್ ರಾಂಗ್ ವಿತ್ ಮಿ ಅಂದುಕೊಂಡೆ. ನಿನ್ನ ಹತ್ರ ಹೇಗೆ ಹೇಳೋದು? ಯು ಲಾಸ್ಟ್ ಯುವರ್ ಹಸ್ಬೆಂಡ್."

"ನಾನೂ ನೀನು ಸ್ಟ್ರಾಂಗ್ ಅಂದುಕೊಂಡಿದ್ದೆ ಕಣೆ. ಡಬ್ಬಿಗಳಿಗೆಲ್ಲ ಹೆಸರು ಬರೀತಿದ್ದೆಯಲ್ಲ."

"ಕೈಗೆ ಏನಾದರೂ ಕೆಲಸ ಬೇಕಿತ್ತು."

ವೇದವತಿ ಮಗಳ ಕೈ ಹಿಡಿಯಲಿಲ್ಲ. ಅವರ ಮನೆಯಲ್ಲಿ ಆ ಅಭ್ಯಾಸ ಇರಲಿಲ್ಲ. ಒಂದು ವರ್ಷ ವಾರಕ್ಕೊಮ್ಮೆ ಎದುರುಬದುರು ಕೂತು, ಒಬ್ಬರಿಗೊಬ್ಬರು ಹೆದರಿಕೊಂಡು, ಒಂದೇ ವಿಷಯವನ್ನು ಬಚ್ಚಿಟ್ಟುಕೊಂಡು ತಿರುಗಿದ್ದೆವಲ್ಲ ಎಂದುಕೊಂಡಳು. "ಹಸಿವಾಗ್ತಿದೆಯಾ?" ಕೇಳಿದಳು. ತನ್ವಿ ಹೂಂ ಅಂದಳು. ಎದೆಯ ಮೇಲಿದ್ದ ಭಾರ ಇಳಿಯಿತೆಂದಲ್ಲ, ಅದನ್ನು ಹೊತ್ತವರು ಇಬ್ಬರೆಂದು ಗೊತ್ತಾಯಿತು. ತನ್ವಿ ಕಾರನ್ನು ಫ್ರೀವೇಗೆ ತಿರುಗಿಸಿದಳು.

ಈಗ ಎರಡನೆಯ ಬೇಸಿಗೆ. ವೇದವತಿ ಅದೇ ಲೈಬ್ರರಿಯಲ್ಲಿದ್ದಾಳೆ, ಆದರೆ ಪೆಡಲಿನ ಕೆಲಸ ಕಡಿಮೆ. ಸ್ಕ್ಯಾನಿಗೆ ಹೋಗುವ ಮೊದಲು ಪ್ರತಿ ಸಂಪುಟದ ಮಡಿಕೆ, ಅಂಚು, ರಟ್ಟಿನ ಒಳಬದಿಯನ್ನೆಲ್ಲ ಪರೀಕ್ಷಿಸುವ ಕೆಲಸಕ್ಕೆ ಮಾರಿಸೋಲ್ ಅವಳನ್ನು ಹಾಕಿದ್ದಾಳೆ. ಅಳು ಇನ್ನೂ ಬಂದಿಲ್ಲ. ಬರಬೇಕೆಂದು ಕಾಯುವುದನ್ನು ಬಿಟ್ಟಿದ್ದಾಳೆ. ಕೆಲವು ದಿನ ಬೆಳಗಿನಿಂದ ಸಂಜೆಯವರೆಗೆ ಏನೂ ಅನ್ನಿಸುವುದಿಲ್ಲ, ಕೆಲವು ದಿನ ಸಣ್ಣದೇನೋ ಅನ್ನಿಸುತ್ತದೆ.

ಕಳೆದ ಶನಿವಾರ ತನ್ವಿ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ತಂದಿದ್ದಳು. ಇಬ್ಬರೂ ಸೇರಿ ಗುರುಪ್ರಸಾದರ ಶರಟುಗಳನ್ನು ಹ್ಯಾಂಗರಿನಿಂದ ತೆಗೆದು, ಮಡಚಿ, ಮೂರು ಪೆಟ್ಟಿಗೆ ತುಂಬಿಸಿದರು. ನಾಲ್ಕನೆಯದು ಅರ್ಧ ಆಗುವ ಹೊತ್ತಿಗೆ ತನ್ವಿ, "ಇವತ್ತಿಗೆ ಸಾಕು ಅಮ್ಮ," ಅಂದಳು. ಮಿಕ್ಕವನ್ನು ಅಲ್ಲೇ ತೂಗಲು ಬಿಟ್ಟು, ಕಪಾಟಿನ ಬಾಗಿಲು ಹಾಕದೆ, ಊಟಕ್ಕೆ ಕೂತರು.